ಒಂದು ಓರೆಗೀಟಿನ ಕಥೆ

ಈ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯಿತು. ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ಎಂದಿನ ನೆಪ ಹೇಳಬಹುದಿತ್ತು, ಆದರೆ ಈ ಸಲ ಸತ್ಯ ಬೇರೆ ಇದೆ. ಒಂದು ಓರೆಗೀಟು ನನ್ನನ್ನು ಹಿಡಿದುಕೊಂಡಿತ್ತು. ಕೀಲಿಮಣೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಜೊತೆ ಒಂದೇ ಗುಂಡಿ ಹಂಚಿಕೊಂಡು ಕೂತಿರುತ್ತದಲ್ಲ, ಅದೇ / ಗೀಟು.

ಆಗಿದ್ದಿಷ್ಟು. ನಮ್ಮ ತಂಡಕ್ಕೆ ಹಳಬರೊಬ್ಬರು ಬಿಟ್ಟುಹೋದ ಒಂದು ಸ್ಕ್ರಿಪ್ಟ್ ಬಂತು. ದಿನಾ ಸಂಜೆ ಶೇರು ಮಾರುಕಟ್ಟೆ ಮುಚ್ಚಿದ ಮೇಲೆ ಆ ದಿನದ ಲಕ್ಷಾಂತರ ವ್ಯವಹಾರಗಳನ್ನು ಓದಿ ಲೆಕ್ಕ ಒಟ್ಟು ಮಾಡಿ ಕೊಡುವುದು ಅದರ ಕೆಲಸ. ಬರೆದಿದ್ದು ಕ್ಯೂ ಎಂಬ ಭಾಷೆಯಲ್ಲಿ, ಕೆಡಿಬಿ ಪ್ಲಸ್ ಎಂಬ ಡೇಟಾಬೇಸಿನ ಭಾಷೆ ಅದು. ಇಡೀ ಸ್ಕ್ರಿಪ್ಟ್ ಹನ್ನೊಂದೇ ಸಾಲು. ಜಾವಾದಲ್ಲಾದರೆ ಬರೀ ಇಂಪೋರ್ಟುಗಳೇ ಅಷ್ಟು ಸಾಲು ತಿನ್ನುತ್ತವೆ :)

ಹನ್ನೊಂದು ಸಾಲು ತಾನೇ, ಮಧ್ಯಾಹ್ನದ ಚಹಾದೊಳಗೆ ಮುಗಿಸುತ್ತೇನೆ ಅಂದುಕೊಂಡೆ. ಮೊದಲು ಕಣ್ಣಿಗೆ ಹಿತವಾಗಲಿ ಅಂತ ಚಿಹ್ನೆಗಳ ನಡುವೆ ಅಲ್ಲಲ್ಲಿ ಜಾಗ ಬಿಡುತ್ತಾ ಬಂದೆ. ಕಾಲೇಜಿನಲ್ಲಿ ಸಿ ಕಲಿತ ಕೈ, ಅಭ್ಯಾಸ ಬಿಡಲಿಲ್ಲ. ಸ್ಕ್ರಿಪ್ಟ್ ಓಡಿಸಿದೆ. ಎಲ್ಲೋ ಕೆಳಗಿನ ಸಾಲೊಂದರಲ್ಲಿ 'ಟೈಪ್' ಎಂಬ ಒಂದೇ ಪದದ ದೂರು ಹೇಳಿ ನಿಂತುಬಿಟ್ಟಿತು. ಆ ಸಾಲನ್ನು ನಾನು ಮುಟ್ಟಿಯೇ ಇರಲಿಲ್ಲ! ಎರಡು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಗಿದ್ದು ಇದು. ಕ್ಯೂನಲ್ಲಿ

10 +/ 1 2 3

ಎಂದು ಬರೆದರೆ, 10ರಿಂದ ಶುರು ಮಾಡಿ ಪಟ್ಟಿಯಲ್ಲಿರುವುದನ್ನೆಲ್ಲ ಕೂಡುತ್ತಾ ಹೋಗಿ 16 ಕೊಡುತ್ತದೆ. ಅದನ್ನೇ

10 + / 1 2 3

ಎಂದು ಬರೆದರೆ ಉತ್ತರ 10+ ಅಷ್ಟೇ. ಅಂದರೆ 'ಹತ್ತಕ್ಕೆ ಏನನ್ನೋ ಕೂಡಬೇಕು, ಏನು ಅಂತ ಆಮೇಲೆ ಹೇಳಿ' ಎಂದು ಕಾಯುತ್ತಾ ಕೂತ ಅರ್ಧ ಲೆಕ್ಕ. ಯಾಕೆಂದರೆ ಗೀಟಿನ ಹಿಂದೆ ಜಾಗ ಬಿಟ್ಟರೆ ಅಲ್ಲಿಂದ ಮುಂದಿನದೆಲ್ಲ ಬರೀ ಟಿಪ್ಪಣಿ. ಕಂಪ್ಯೂಟರ್ ಅದನ್ನು ಓದುವುದೇ ಇಲ್ಲ. ಒಂದೇ ಒಂದು ಖಾಲಿ ಜಾಗದಿಂದ ಇಷ್ಟೆಲ್ಲ ರಾಮಾಯಣ.

ಎರಡನೇ ಎಡವಟ್ಟು ಮಾರನೆಯ ದಿನ. ಇಂಥ ನಾಲ್ಕು ಸ್ಕ್ರಿಪ್ಟುಗಳನ್ನು ಒಂದಾದ ಮೇಲೊಂದು ಓಡಿಸಲು ಒಂದು ಶೆಲ್ ಸ್ಕ್ರಿಪ್ಟ್ ಬರೆದು ಓಡಿಸಿ ಊಟಕ್ಕೆ ಹೋದೆ. ಬಂದು ನೋಡಿದರೆ ಮೊದಲನೆಯದು ತನ್ನ ಕೆಲಸ ಮುಗಿಸಿ, ಕ್ಯೂ ಪ್ರಾಂಪ್ಟ್ ತೋರಿಸಿಕೊಂಡು 'ಮತ್ತೇನು ಸಮಾಚಾರ' ಎಂಬಂತೆ ಕೂತಿದೆ. ಉಳಿದ ಮೂರು ಶುರುವೇ ಆಗಿಲ್ಲ. ಸ್ಕ್ರಿಪ್ಟಿನ ಕೊನೆಯಲ್ಲಿ 'ಎಕ್ಸಿಟ್ 0' ಅಂತ ನಾವೇ ಬರೆಯದಿದ್ದರೆ ಅದು ಎದ್ದು ಹೋಗುವುದಿಲ್ಲವಂತೆ.

ನಮ್ಮ ಮ್ಯಾನೇಜರ್ ಎಲ್ಲ ನೋಡಿ, "ಏನಪ್ಪಾ ಇದು, ಬೆಕ್ಕು ಕೀಬೋರ್ಡ್ ಮೇಲೆ ಓಡಾಡಿದ ಹಾಗಿದೆ! ಎತ್ತಿ ಬಿಸಾಕು, ಪೈಥಾನ್‌ನಲ್ಲಿ ಬರೆದುಬಿಡು. ಬರೋ ತಿಂಗಳು ನೀನೂ ಬಿಟ್ಟು ಹೋದ್ರೆ ಇದನ್ನ ಓದೋರು ಯಾರು?" ಅಂದರು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಒಂದು ವಾರ ಟೈಮ್ ಕೊಟ್ಟರು. ಬಿಸಾಕುವ ಮೊದಲು ಇದು ಎಲ್ಲಿಂದ ಬಂತು ಅಂತಾದರೂ ತಿಳಿಯೋಣ ಎಂದು ಆ ರಾತ್ರಿ ಹುಡುಕಲು ಕೂತೆ. ಹುಡುಕುತ್ತಾ ಹೋದರೆ ಈ ಗೀಟು ನನ್ನನ್ನು ಸೀದಾ ಒಂದು ಕರಿಹಲಗೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿತು.

ಆ ಕರಿಹಲಗೆ ಇದ್ದದ್ದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ, 1950ರ ದಶಕದಲ್ಲಿ. ಅದರ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದವರು ಕೆನ್ನೆತ್ ಐವರ್ಸನ್. 1920ರಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಹುಟ್ಟಿದವರು, 1954ರಲ್ಲಿ ಹಾರ್ವರ್ಡ್‌ನಲ್ಲೇ ಡಾಕ್ಟರೇಟ್ ಪಡೆದು ಅಲ್ಲೇ ಪಾಠ ಮಾಡುತ್ತಿದ್ದರು. ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಕ್ರಮಗಳನ್ನು ಹುಡುಗರಿಗೆ ವಿವರಿಸಲು ಗಣಿತದ ಚಿಹ್ನೆಗಳು ಸಾಲದೆ ಅವರು ತಮ್ಮದೇ ಒಂದು ಬರವಣಿಗೆ ಕಟ್ಟಿಕೊಂಡರು. ಗಮನಿಸಿ, ಅದು ಯಂತ್ರಕ್ಕೆ ಹೇಳುವ ಭಾಷೆ ಆಗಿರಲಿಲ್ಲ, ಮನುಷ್ಯರು ಮನುಷ್ಯರಿಗೆ ಹೇಳಿಕೊಡುವ ಭಾಷೆ ಆಗಿತ್ತು.

ಒಂದು ಉದಾಹರಣೆ ನೋಡಿ. ಪಿಯುಸಿ ಗಣಿತದಲ್ಲಿ ಕೂಡುವುದಕ್ಕೆ ಸಿಗ್ಮಾ ಕಲಿತೆವು, ಆಮೇಲೆ ಗುಣಿಸುವುದಕ್ಕೆ ದೊಡ್ಡ ಪೈ. ದೊಡ್ಡದು ಯಾವುದು ಅಂತ ಕೇಳಲು ಇನ್ನೊಂದು. ಪ್ರತಿಯೊಂದಕ್ಕೂ ಬೇರೆ ಬೇರೆ ಚಿಹ್ನೆ. ಐವರ್ಸನ್ ಇದೆಲ್ಲವೂ ಒಂದೇ ಯೋಚನೆಯ ಬೇರೆ ಬೇರೆ ವೇಷ ಅಂದರು. ಯಾವುದೋ ಒಂದು ಕ್ರಿಯೆಯನ್ನು ಪಟ್ಟಿಯ ಸಂಖ್ಯೆಗಳ ನಡುನಡುವೆ ಇಡುವುದು, ಅಷ್ಟೇ ತಾನೇ? ಆ 'ನಡುವೆ ಇಡು' ಎಂಬುದಕ್ಕೆ ಅವರು ಕೊಟ್ಟ ಚಿಹ್ನೆಯೇ ಈ ಓರೆಗೀಟು.

+/2 5 3 ಅಂದರೆ 10
×/2 5 3 ಅಂದರೆ 30
⌈/2 5 3 ಅಂದರೆ 5

ಮೂರನೆಯದರಲ್ಲಿರುವ ಕೊಕ್ಕೆ 'ಎರಡರಲ್ಲಿ ದೊಡ್ಡದು' ಎಂಬುದರ ಗುರುತು. ಇಂಜಿನಿಯರಿಂಗ್ ಓದಿದವರಿಗೆ ಆ ಕೊಕ್ಕೆ ಪರಿಚಯ ಇದ್ದೇ ಇರುತ್ತದೆ, ಸೀಲಿಂಗ್ ಮತ್ತು ಫ್ಲೋರ್ ಎಂದು ಪರೀಕ್ಷೆಯಲ್ಲಿ ಬರೆದಿದ್ದೇವಲ್ಲ. ಆ ಹೆಸರುಗಳನ್ನೂ ಚಿಹ್ನೆಗಳನ್ನೂ ಗಣಿತಕ್ಕೆ ಕೊಟ್ಟವರು ಇದೇ ಐವರ್ಸನ್. ನಾಲ್ಕು ವರ್ಷ ಓದಿದರೂ ನನಗೆ ಈ ವಿಷಯ ಯಾರೂ ಹೇಳಿರಲಿಲ್ಲ!

ಹಾರ್ವರ್ಡ್‌ನಲ್ಲಿ ಅವರಿಗೆ ಖಾಯಂ ಹುದ್ದೆ ಸಿಗಲಿಲ್ಲ. 1960ರಲ್ಲಿ ಐಬಿಎಂ ಸೇರಿದರು. 1962ರಲ್ಲಿ ಈ ಬರವಣಿಗೆಯನ್ನೆಲ್ಲ ಸೇರಿಸಿ ಪುಸ್ತಕ ಹೊರತಂದರು, ಅದರ ಹೆಸರು 'ಎ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್'. ಅದರ ಮೊದಲಕ್ಷರಗಳೇ ಮುಂದೆ ಭಾಷೆಯ ಹೆಸರಾಯಿತು: ಎಪಿಎಲ್. ಆದರೆ ಪುಸ್ತಕ ಬಂದಾಗ ಅದನ್ನು ಓಡಿಸುವ ಕಂಪ್ಯೂಟರ್ ಒಂದೂ ಇರಲಿಲ್ಲ. 1964ರಲ್ಲಿ ಐವರ್ಸನ್, ಆಡಿನ್ ಫಾಲ್ಕಾಫ್ ಮತ್ತು ಇನ್ನೊಬ್ಬ ಸಹೋದ್ಯೋಗಿ ಸೇರಿ ಐಬಿಎಂನ ಹೊಸ ಸಿಸ್ಟಂ 360 ಯಂತ್ರದ ಇಡೀ ನಡವಳಿಕೆಯನ್ನು ಇದೇ ಬರವಣಿಗೆಯಲ್ಲಿ ವಿವರಿಸಿ ಪ್ರಕಟಿಸಿದರು. ಆಗಲೂ ಅದು ಓದುವವರಿಗಾಗಿ ಬರೆದದ್ದೇ.

ಇದನ್ನು ಕಂಪ್ಯೂಟರಿಗೆ ತರುವಾಗ ಬಂದ ಸಮಸ್ಯೆ ಮಾತ್ರ ಕನ್ನಡ ಕುಟ್ಟುವ ನಮಗೆಲ್ಲ ಚೆನ್ನಾಗಿ ಗೊತ್ತಿರುವಂಥದ್ದು: ಅಕ್ಷರಗಳೇ ಇಲ್ಲ! ಕರಿಹಲಗೆಯ ಮೇಲೆ ಏನು ಬೇಕಾದರೂ ಗೀಚಬಹುದು, ಕೀಲಿಮಣೆಯಲ್ಲಿ ಆಗುವುದಿಲ್ಲ. ಆಗ ಐಬಿಎಂನ ಸೆಲೆಕ್ಟ್ರಿಕ್ ಟೈಪ್‌ರೈಟರ್ ಇತ್ತು. ಅದರಲ್ಲಿ ಅಕ್ಷರಗಳೆಲ್ಲ ಒಂದು ಸಣ್ಣ ಗುಂಡಿನ ಮೇಲೆ ಮೂಡಿರುತ್ತಿದ್ದವು, ಒಂದು ಗುಂಡಿಗೆ 88 ಅಕ್ಷರ. ಗುಂಡು ಬದಲಾಯಿಸಿದರೆ ಲಿಪಿಯೇ ಬದಲು. ಎಪಿಎಲ್‌ಗಾಗಿ ಬೇರೆಯೇ ಗುಂಡು ಮಾಡಿಸಿದರು. 88 ಸಾಲದಾದಾಗ ಒಂದು ಅಕ್ಷರ ಹೊಡೆದು, ಹಿಂದಕ್ಕೆ ಸರಿದು, ಅದರ ಮೇಲೇ ಇನ್ನೊಂದು ಹೊಡೆದು ಹೊಸ ಚಿಹ್ನೆ ಮಾಡಿಕೊಂಡರು. ವೃತ್ತದ ಮೇಲೆ ನಿಂತ ಗೀಟು ಹೊಡೆದರೆ ⌽, ಪಟ್ಟಿಯನ್ನು ಹಿಂದುಮುಂದು ಮಾಡುವ ಚಿಹ್ನೆ. ಕನ್ನಡದ ಟೈಪ್‌ರೈಟರಿನಲ್ಲಿ ಅಕ್ಷರಕ್ಕೆ ಒತ್ತು, ಕೊಂಬು ಬೇರೆ ಬೇರೆ ಹೊಡೆದು ಜೋಡಿಸುತ್ತಿದ್ದರಲ್ಲ, ಥೇಟ್ ಹಾಗೇ.

ಹೀಗೆ ಹುಟ್ಟಿದ ಚಿಹ್ನೆಗಳಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ⍝. ಕಮಾನಿನೊಳಗೆ ಒಂದು ಸಣ್ಣ ಸೊನ್ನೆ. ಟಿಪ್ಪಣಿ ಬರೆಯಬೇಕಾದರೆ ಮೊದಲು ಇದನ್ನು ಹಾಕಬೇಕು. ಇದಕ್ಕೆ ಅವರಿಟ್ಟ ಅಡ್ಡಹೆಸರು ದೀಪ. ಟಿಪ್ಪಣಿ ಅಂದರೆ ಬೆಳಕು ಕೊಡುವುದು ತಾನೇ? ಈ ದೀಪವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

1966ರ ನವೆಂಬರಿನಲ್ಲಿ ಎಪಿಎಲ್ 360 ಯಂತ್ರದ ಮೇಲೆ ಓಡತೊಡಗಿತು. ಅದನ್ನು ಕಟ್ಟಿದ ಲ್ಯಾರಿ ಬ್ರೀಡ್, ರಿಚರ್ಡ್ ಲ್ಯಾತ್‌ವೆಲ್, ರೋಜರ್ ಮೂರ್ ಮೂವರಿಗೂ 1973ರಲ್ಲಿ ಗ್ರೇಸ್ ಹಾಪರ್ ಪ್ರಶಸ್ತಿ ಬಂತು. ನನ್ನ ಎರಡನೇ ಎಡವಟ್ಟಿನ ಬೇರು ಇಲ್ಲಿದೆ. ಆ ಕಾಲದಲ್ಲಿ ಪ್ರೋಗ್ರಾಮು ಅಂದರೆ ಕಾರ್ಡುಗಳ ಕಟ್ಟು. ಕೊಟ್ಟು ಬರಬೇಕು, ಗಂಟೆಗಟ್ಟಲೆ ಕಾದು ಉತ್ತರ ತರಬೇಕು. ಎಪಿಎಲ್ ಹಾಗಲ್ಲ, ಅದೊಂದು ಮಾತುಕತೆ. ಟರ್ಮಿನಲ್ ಮುಂದೆ ಕೂತು ಒಂದು ಸಾಲು ಬರೆದರೆ ಆಗಲೇ ಉತ್ತರ. ಬರೆದದ್ದೆಲ್ಲ 'ವರ್ಕ್‌ಸ್ಪೇಸ್' ಎಂಬ ಗಂಟಿನಲ್ಲಿ ಉಳಿಯುತ್ತಿತ್ತು, ನಾಳೆ ಬಂದು ಗಂಟು ಬಿಚ್ಚಿ ಮಾತು ಮುಂದುವರಿಸಬಹುದಿತ್ತು. ಕ್ಯೂ ಭಾಷೆಗೆ ಸ್ಕ್ರಿಪ್ಟ್ ಎಂಬುದು ಈಗಲೂ, ನೀವು ಎದುರು ಕೂತು ಒಂದೊಂದೇ ಸಾಲು ಹೇಳಿದ ಹಾಗೆ. ಹೇಳಿ ಮುಗಿದ ಮೇಲೆ ಅದು ನಿಮ್ಮ ಮುಂದಿನ ಮಾತಿಗಾಗಿ ಕಾಯುತ್ತದೆ. 'ಹೋಗಿ ಬಾ' ಅನ್ನದೆ ಎದ್ದು ಹೋಗುವುದು ಅದರ ಮನೆತನದ ಸಂಸ್ಕಾರ ಅಲ್ಲ :)

ಎಲ್ಲರಿಗೂ ಇದು ಇಷ್ಟವಾಯಿತು ಅಂತೇನಿಲ್ಲ. ಎಡ್ಸ್‌ಗರ್ ಡೈಕ್‌ಸ್ಟ್ರಾ 1975ರಲ್ಲಿ ಎಪಿಎಲ್‌ನ ದಾರಿಯೇ ತಪ್ಪು ಎಂದು ಖಾರವಾಗಿ ಬರೆದರು. ಆದರೆ 1979ರಲ್ಲಿ ಐವರ್ಸನ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಆಗ ಅವರು ಮಾಡಿದ ಭಾಷಣದ ವಿಷಯ ಯಂತ್ರವಲ್ಲ. ಒಳ್ಳೆಯ ಬರವಣಿಗೆ ಹೇಗೆ ಯೋಚನೆಗೆ ಉಪಕರಣವಾಗುತ್ತದೆ ಎಂಬುದು. ಮರುವರ್ಷ ಅವರು ಐಬಿಎಂ ಬಿಟ್ಟು ಟೊರಾಂಟೊದ ಐ.ಪಿ. ಶಾರ್ಪ್ ಕಂಪನಿ ಸೇರಿದರು.

ಅದೇ ಕಂಪನಿಯಲ್ಲಿ ಕೆಲಸ ಮಾಡಿದ ಒಬ್ಬ ಯುವಕ ಆರ್ಥರ್ ವಿಟ್ನಿ. ಹುಡುಗನಾಗಿದ್ದಾಗಲೇ ಐವರ್ಸನ್ ಅವರಿಂದ ಎಪಿಎಲ್ ನೋಡಿದ್ದವನು. 1988ರಲ್ಲಿ ನ್ಯೂಯಾರ್ಕಿನ ಮಾರ್ಗನ್ ಸ್ಟ್ಯಾನ್ಲಿಯಲ್ಲಿ ಎಪಿಎಲ್ ಮಾದರಿಯ 'ಎ' ಎಂಬ ಭಾಷೆ ಕಟ್ಟಿದ, ಅದು ಮುಂದೆ 'ಎ ಪ್ಲಸ್' ಆಯಿತು. 1989ರ ಬೇಸಿಗೆಯಲ್ಲಿ ಒಂದು ವಾರಾಂತ್ಯ ಐವರ್ಸನ್ ಮನೆಗೆ ಹೋದವನು, ಒಂದೇ ಮಧ್ಯಾಹ್ನದಲ್ಲಿ ಒಂದೇ ಪುಟದ ಸಿ ಕೋಡ್ ಬರೆದು ಪುಟ್ಟ ಇಂಟರ್‌ಪ್ರೆಟರ್ ಒಂದನ್ನು ತೋರಿಸಿದ. ಆ ಪುಟವನ್ನು ರೋಜರ್ ಹುಯಿ ಎಂಬ ಇನ್ನೊಬ್ಬ ಎಪಿಎಲ್ ಪಂಡಿತ ಒಂದು ವಾರ ಕೂತು ಓದಿ ಅರಗಿಸಿಕೊಂಡು, ಐವರ್ಸನ್ ಜೊತೆ ಸೇರಿ 'ಜೆ' ಭಾಷೆ ಕಟ್ಟಿದರು. ಅದು ಹೊರಬಂದಿದ್ದು 1990ರಲ್ಲಿ.

ಇಲ್ಲೇ ಕಥೆಗೆ ತಿರುವು. ವಿಶೇಷ ಗುಂಡು, ವಿಶೇಷ ಫಾಂಟು, ವಿಶೇಷ ಕೀಲಿಮಣೆ ಎಂದು ಕಾದು ಸಾಕಾಗಿ, ಐವರ್ಸನ್ ತಾವೇ ಕೈಯಾರೆ ಕಟ್ಟಿದ ಚಿಹ್ನೆಗಳನ್ನು ಬಿಟ್ಟರು. ಎಲ್ಲ ಕೀಲಿಮಣೆಯಲ್ಲೂ ಸಿಗುವ ಆಸ್ಕಿ ಅಕ್ಷರಗಳು ಸಾಕು ಅಂದರು. ವಿಟ್ನಿ 1993ರಲ್ಲಿ ಜಾನೆಟ್ ಲಸ್ಟ್‌ಗಾರ್ಟನ್ ಜೊತೆ ಕೆಎಕ್ಸ್ ಸಿಸ್ಟಮ್ಸ್ ಎಂಬ ಕಂಪನಿ ಶುರುಮಾಡಿದ. ಅವನ 'ಕೆ' ಭಾಷೆಯದೂ ಅದೇ ದಾರಿ. 1998ರಲ್ಲಿ ಅದರ ಮೇಲೆ ಕೆಡಿಬಿ ಡೇಟಾಬೇಸ್, 2003ರಲ್ಲಿ ಕೆಡಿಬಿ ಪ್ಲಸ್ ಮತ್ತು ಕ್ಯೂ. ದೊಡ್ಡದನ್ನು ಹುಡುಕುವ ಅದೇ ಲೆಕ್ಕ ನಾಲ್ಕು ತಲೆಮಾರಿನಲ್ಲಿ ಹೇಗೆ ಬದಲಾಯಿತು ನೋಡಿ:

ಎಪಿಎಲ್: ⌈/2 5 3
ಜೆ: >./2 5 3
ಕೆ: |/2 5 3
ಕ್ಯೂ: ಮ್ಯಾಕ್ಸ್ 2 5 3

ಕೊಕ್ಕೆ ಹೋಗಿ ಬಾಣ ಮತ್ತು ಚುಕ್ಕಿ ಬಂತು, ಅದೂ ಹೋಗಿ ನಿಂತ ಗೀಟು ಬಂತು. ಕೊನೆಗೆ ಕ್ಯೂನಲ್ಲಿ ಓದುವವರ ಮೇಲೆ ಕರುಣೆ ತೋರಿ ಪದವೇ ಬಂತು. ಆದರೆ ಓರೆಗೀಟು ಎಲ್ಲ ಕಡೆ ಉಳಿಯಿತು, ಪದಗಳ ಹಿಂದೆ ಅವಿತುಕೊಂಡಾದರೂ.

ಯೂನಿಕೋಡ್ ಬರುವ ಮೊದಲಿನ ನುಡಿ, ಬರಹ ಕಡತಗಳು ನೆನಪಿವೆಯಾ? ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡ ಅಕ್ಷರಗಳನ್ನು ಬಾಡಿಗೆಗೆ ಇಟ್ಟಿದ್ದರು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಕಸ ಕಾಣುತ್ತಿತ್ತು. ನನಗೆ ಕೆ ಭಾಷೆಯ ಕೋಡ್ ಕಂಡಿದ್ದು ಹಾಗೇ. ಅದು ಕಸವಲ್ಲ, ಫಾಂಟ್ ಇಲ್ಲದೆ ತೆರೆದ ಎಪಿಎಲ್! ಪೂರ್ತಿ ಸರಿಯಾದ ಹೋಲಿಕೆ ಅಲ್ಲ ಬಿಡಿ, ಆದರೆ ಅದು ಹೊಳೆದ ಮೇಲೆ ನನಗೆ ಭಯ ಹೋಯಿತು.

ಮತ್ತೆ ಆ ದೀಪ? ಆಸ್ಕಿಯಲ್ಲಿ ⍝ ಇಲ್ಲ. ಇದ್ದ ಒಂದು ಹಿಡಿ ಚಿಹ್ನೆಗಳಿಗೇ ಎರಡೆರಡು ಮೂರುಮೂರು ಕೆಲಸ ಹಂಚಿದಾಗ, ಕೆ ಭಾಷೆಯಲ್ಲಿ ದೀಪದ ಕೆಲಸವೂ ಪಾಪದ ಓರೆಗೀಟಿನ ತಲೆಗೇ ಬಂತು. ಅಂಟಿಕೊಂಡು ಬಂದರೆ 'ನಡುವೆ ಇಡು', ಜಾಗ ಬಿಟ್ಟು ಬಂದರೆ 'ಇನ್ನು ಟಿಪ್ಪಣಿ'. ನನ್ನ ಎರಡು ಗಂಟೆ ಹಾಳಾಗಿದ್ದು ಆ ದೀಪ ಆರಿದ್ದರಿಂದ.

ಇಷ್ಟೆಲ್ಲ ಮಾಡಿ ಪಡೆದದ್ದೇನು ಅಂತ ಕೇಳಬಹುದು. ವೇಗ. ಮಾಮೂಲಿ ಡೇಟಾಬೇಸಿನಲ್ಲಿ ಒಂದು ವ್ಯವಹಾರದ ಸಮಯ, ಶೇರಿನ ಹೆಸರು, ಬೆಲೆ, ಪ್ರಮಾಣ ಎಲ್ಲ ಒಂದು ಸಾಲಾಗಿ ಒಟ್ಟಿಗೆ ಕೂತಿರುತ್ತವೆ. ಕೆಡಿಬಿಯಲ್ಲಿ ಬೆಲೆಗಳೆಲ್ಲ ಒಂದು ಪಟ್ಟಿ, ಸಮಯಗಳೆಲ್ಲ ಇನ್ನೊಂದು ಪಟ್ಟಿ. ಡಿಸ್ಕಿನ ಮೇಲೆ ದಿನಕ್ಕೊಂದು ಫೋಲ್ಡರ್, ಅದರೊಳಗೆ ಕಾಲಮ್ಮಿಗೊಂದು ಫೈಲು. ಬರೀ ಬೆಲೆ ಬೇಕಾದರೆ ಬೆಲೆಯ ಫೈಲನ್ನಷ್ಟೇ ಓದಿದರಾಯಿತು. ಐವರ್ಸನ್ ಹಲಗೆಯ ಮೇಲೆ ಇಡೀ ಪಟ್ಟಿಯನ್ನು ಒಂದೇ ವಸ್ತು ಎಂದು ಎಣಿಸಿದ್ದರಲ್ಲ, ಅದೇ ಯೋಚನೆ ಡಿಸ್ಕಿಗೆ ಇಳಿಯಿತು. ಒಂದು ಕೋಟಿ ಬೆಲೆಗಳನ್ನು ಕೂಡಲು ಲೂಪ್ ಬರೆಯಬೇಕಿಲ್ಲ, ಗೀಟು ಎಳೆದರೆ ಸಾಕು. ಷೇರು ಪೇಟೆಯವರು ಇದಕ್ಕೆ ಮರುಳಾಗಿದ್ದರಲ್ಲಿ ಆಶ್ಚರ್ಯವಿಲ್ಲ. 2018ರ ಹೊತ್ತಿಗೆ ಕೆಎಕ್ಸ್ ಪೂರ್ತಿಯಾಗಿ ಉತ್ತರ ಐರ್ಲೆಂಡಿನ ಫಸ್ಟ್ ಡೆರಿವೇಟಿವ್ಸ್ ಕಂಪನಿಯ ಪಾಲಾಯಿತು. ವಿಟ್ನಿ ಹೊರಬಂದು ಕಟ್ಟಿದ ಹೊಸ ಕಂಪನಿಯ ಹೆಸರು 'ಶಕ್ತಿ'. ಹೌದು, ನಮ್ಮ ಶಕ್ತಿಯೇ!

ಐವರ್ಸನ್ ಅದನ್ನೆಲ್ಲ ನೋಡಲು ಇರಲಿಲ್ಲ. 2004ರ ಅಕ್ಟೋಬರ್ 16ರಂದು ಕಂಪ್ಯೂಟರ್ ಮುಂದೆ ಕೂತು ಜೆ ಭಾಷೆಯ ಪಾಠವೊಂದನ್ನು ಬರೆಯುತ್ತಿದ್ದಾಗ ಪಾರ್ಶ್ವವಾಯು ಬಡಿಯಿತು. 19ರಂದು ತೀರಿಕೊಂಡರು. ಎಂಬತ್ಮೂರು ವರ್ಷದ ಮನುಷ್ಯ, ಕೊನೆಯವರೆಗೂ ಪಾಠವನ್ನೇ ಬರೆಯುತ್ತಿದ್ದರು.

ಇದನ್ನು ಓದಿದಾಗ ರಾತ್ರಿ ಒಂದು ಗಂಟೆ ದಾಟಿತ್ತು. ಆಗ ನನಗೆ ಅನ್ನಿಸಿದ್ದು ಇಷ್ಟು. ಈ ಬರವಣಿಗೆ ಹುಟ್ಟಿದ್ದೇ ಹೇಳಿಕೊಡುವುದಕ್ಕೆ. ಹಲಗೆಯ ಪಕ್ಕದಲ್ಲಿ ಯಾವಾಗಲೂ ಒಬ್ಬ ಮೇಷ್ಟ್ರು ಇದ್ದರು. ನಮ್ಮ ಕೈಗೆ ಬಂದದ್ದು ಹಲಗೆ ಮಾತ್ರ, ಮೇಷ್ಟ್ರು ಬರಲಿಲ್ಲ. ಸಂಸ್ಕೃತದ ಸೂತ್ರಕಾರರು ಅರ್ಧ ಮಾತ್ರೆ ಉಳಿಸಿದರೂ ಹಬ್ಬ ಮಾಡುತ್ತಿದ್ದರಂತೆ, ಆದರೆ ಆ ಸೂತ್ರಗಳ ಬೆನ್ನಿಗೆ ಭಾಷ್ಯ ಇತ್ತು. ನಮ್ಮ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕಂದಪದ್ಯದಲ್ಲಿ ಸೂತ್ರ ಹೇಳಿ ಸುಮ್ಮನಾಗಲಿಲ್ಲ, ತಾನೇ ವೃತ್ತಿಯನ್ನೂ ಬರೆದು ಉದಾಹರಣೆಗಳನ್ನೂ ಕೊಟ್ಟ. ಚಿಕ್ಕದಾಗಿ ಬರೆಯುವುದು ತಪ್ಪಲ್ಲ. ಚಿಕ್ಕದಾಗಿ ಬರೆದು ಎದ್ದು ಹೋಗುವುದು ತಪ್ಪು.

ಆ ವಾರ ನಾನು ಪೈಥಾನ್ ಬರೆಯಲಿಲ್ಲ. ಹನ್ನೊಂದು ಸಾಲಿಗೆ ನಾಲ್ಕು ಪುಟ ವೃತ್ತಿ ಬರೆದೆ. ಪ್ರತಿ ಸಾಲನ್ನೂ ಬಲದಿಂದ ಎಡಕ್ಕೆ ಹೇಗೆ ಓದಬೇಕು (ಇಲ್ಲಿ 2*3+4 ಅಂದರೆ 14, ಇಷ್ಟೊಂದು ಕ್ರಿಯೆಗಳಿರುವಾಗ ಯಾವುದು ಮೊದಲು ಅಂತ ನೆನಪಿಡುವ ಗೋಜೇ ಬೇಡ ಅಂತ ಐವರ್ಸನ್ ಆ ನಿಯಮವನ್ನೇ ತೆಗೆದುಹಾಕಿದ್ದರು), ಯಾವ ಗೀಟು ಯಾವ ಗೀಟು, ಎಲ್ಲ. ಶುಕ್ರವಾರ ಮೀಟಿಂಗ್ ರೂಮಿನ ಬಿಳಿಹಲಗೆ ಮುಂದೆ ನಿಂತು ತಂಡದವರಿಗೆ ಓದಿ ಹೇಳಿದೆ. ಮ್ಯಾನೇಜರ್ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು.

ಏಳನೇ ಸಾಲಿಗೆ ಬಂದಾಗ, ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳಾಗದ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಯಾವ್ದಾದ್ರೂ ಶೇರು ಒಂದು ದಿನ ವ್ಯವಹಾರಾನೇ ಆಗ್ಲಿಲ್ಲ ಅಂದ್ರೆ? ಖಾಲಿ ಪಟ್ಟೀಲಿ ದೊಡ್ಡದು ಯಾವ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲೇ ಲ್ಯಾಪ್‌ಟಾಪ್ ತೆರೆದು ಓಡಿಸಿದೆವು. ಬಂದ ಉತ್ತರ ಋಣ ಅನಂತ. ಮೊದಲು ಎಲ್ಲರೂ ನಕ್ಕರು, ಆಮೇಲೆ ಯೋಚಿಸಿದರೆ ಅದೇ ಸರಿ. ಖಾಲಿ ಪಟ್ಟಿ ಕೂಡಿದರೆ 0, ಗುಣಿಸಿದರೆ 1, ದೊಡ್ಡದು ಕೇಳಿದರೆ ಎಲ್ಲಕ್ಕಿಂತ ಚಿಕ್ಕದು. ಆಗ ಮುಂದೆ ಯಾವ ಸಂಖ್ಯೆ ಸೇರಿದರೂ ಲೆಕ್ಕ ಕೆಡುವುದಿಲ್ಲ. ಇದನ್ನೂ ಎಪಿಎಲ್ ಕಾಲದಲ್ಲೇ ಯೋಚಿಸಿಟ್ಟಿದ್ದಾರೆ. ಗಣಿತಕ್ಕೆ ಅದು ಸರಿ, ಆದರೆ ಗ್ರಾಹಕರಿಗೆ ಹೋಗುವ ವರದಿಯಲ್ಲಿ 'ಇಂದಿನ ಗರಿಷ್ಠ ಬೆಲೆ: ಋಣ ಅನಂತ' ಅಂತ ಹೋದರೆ? ಅದನ್ನು ತಡೆಯುವ ಸಾಲು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಬರೆದವರಿಗೂ ಹೊಳೆದಿರಲಿಲ್ಲ, ಎರಡು ವಾರ ಅದರ ಜೊತೆ ಗುದ್ದಾಡಿದ ನನಗೂ ಹೊಳೆದಿರಲಿಲ್ಲ. ಅರ್ಥ ಮಾಡಿಸಿದ ಅರ್ಧ ಗಂಟೆಯಲ್ಲಿ ಆಕೆಗೆ ಹೊಳೆಯಿತು.

ಮ್ಯಾನೇಜರ್ ಎದ್ದು ಹೋಗುವಾಗ, "ಸರಿ, ಆರು ತಿಂಗಳು ನೋಡೋಣ. ಆದ್ರೆ ಆ ನಾಲ್ಕು ಪುಟ ಕೋಡ್ ಜೊತೇಲೇ ಇರ್ಬೇಕು" ಅಂದರು. ಈಗ ಸ್ಕ್ರಿಪ್ಟ್ ಹದಿಮೂರು ಸಾಲು. ಒಂದು ಆ ಹುಡುಗಿ ಸೇರಿಸಿದ್ದು, ಇನ್ನೊಂದು ಕೊನೆಯಲ್ಲಿ ನಾನು ಸೇರಿಸಿದ 'ಎಕ್ಸಿಟ್ 0'.

ಅಂದಹಾಗೆ, ಆ ಹಳೆಯ ಚಿಹ್ನೆಗಳೂ ಸತ್ತಿಲ್ಲ. ಐವರ್ಸನ್ ಅವುಗಳನ್ನು ಬಿಟ್ಟ ಕೆಲವೇ ವರ್ಷಗಳಲ್ಲಿ, 1990ರ ದಶಕದ ಆರಂಭದಲ್ಲಿ, ಯೂನಿಕೋಡ್ ಪಟ್ಟಿಯಲ್ಲಿ ಅವಕ್ಕೂ ಜಾಗ ಸಿಕ್ಕಿತು. ನಮ್ಮ ಕನ್ನಡಕ್ಕೆ ಜಾಗ ಸಿಕ್ಕಿದ್ದೂ ಹೆಚ್ಚುಕಮ್ಮಿ ಆಗಲೇ. 1983ರಲ್ಲಿ ಶುರುವಾದ ಡಯಲಾಗ್ ಎಪಿಎಲ್ ಇವತ್ತಿಗೂ ಅದೇ ಕೊಕ್ಕೆ, ಅದೇ ವೃತ್ತಗಳ ಜೊತೆ ನಡೆಯುತ್ತಿದೆ. ಈ ಬರಹದಲ್ಲಿ ⍝ ಚಿಹ್ನೆ ಕನ್ನಡದ ಪಕ್ಕದಲ್ಲೇ ಕೂತಿದೆಯಲ್ಲ, ನಿಮ್ಮ ಪರದೆಯಲ್ಲಿ ಸರಿಯಾಗಿ ಕಾಣುತ್ತಿದೆ ತಾನೇ? ಚೌಕ ಡಬ್ಬಿ ಕಂಡರೆ ಹೇಳಿ, ಆ ಡಬ್ಬಿಗಳ ಕಷ್ಟ ನಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು!